ಸ್ನಾನದ ನೀರಿಗೆ ಸೋಲಾರ್, ಹೀಟ್ ಪಂಪ್, ಗೀಸರ್: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ನಾಗರಬಾವಿ_ಮನೆ · ಸೆಪ್ಟೆಂಬರ್ 21, 2025

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ 30×40 ಸೈಟಿನ ಮನೆ. ಕೆಳಗೆ ನಾವು ಐದು ಜನ: ನಾನು, ಯಜಮಾನರು, ಇಬ್ಬರು ಮಕ್ಕಳು, ನಮ್ಮ ಅತ್ತೆ. ಮೇಲಿನ ಮನೆ ಬಾಡಿಗೆಗಿದೆ, ಅವರ ಮೀಟರ್ ಬೇರೆ. 2011ರಲ್ಲಿ ಮನೆ ಕಟ್ಟಿದಾಗಲೇ ಸೋಲಾರ್ ವಾಟರ್ ಹೀಟರ್ ಹಾಕಿಸಿದ್ದೆವು. ಹನ್ನೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಟ್ಯಾಂಕಿನ ಒಳಗೆ ತುಕ್ಕು ಹಿಡಿದು ಸೋರತೊಡಗಿತು. ರಿಪೇರಿ ಆಗಲ್ಲ ಅಂದರು. ಎರಡು ವರ್ಷದಿಂದ ಎರಡೂ ಬಚ್ಚಲಿಗೆ ಗೀಸರ್.

ಈಗ ಕರೆಂಟ್ ಬಿಲ್ ತಿಂಗಳಿಗೆ ₹2,000ದ ಹತ್ತಿರ ಬರುತ್ತಿದೆ. ಮೂರು ಕೊಟೇಶನ್ ತೆಗೆದುಕೊಂಡೆ. 200 ಲೀಟರ್ ಟ್ಯೂಬ್ ಸೋಲಾರ್ ₹32,000. ಅದೇ ಅಳತೆಯ ಪ್ಯಾನೆಲ್ ಸೋಲಾರ್ ₹55,000. ಗಾಳಿಯ ಶಾಖ ಹೀರಿ ನೀರು ಕಾಯಿಸುವ ಹೀಟ್ ಪಂಪ್ ₹1,15,000. ಅಂಗಡಿಯವರು ಮೂವರೂ "ಮೂರು ವರ್ಷದಲ್ಲಿ ದುಡ್ಡು ವಾಪಸ್" ಅಂತ ಒಂದೇ ಮಾತು ಹೇಳಿದರು. ಬೆಲೆ ಇಷ್ಟು ಬೇರೆ ಬೇರೆ ಇರುವಾಗ ವರ್ಷ ಮಾತ್ರ ಒಂದೇ ಆಗುವುದು ಹೇಗೆ? ಹಾಕಿಸಿಕೊಂಡವರು ದಯವಿಟ್ಟು ನಿಮ್ಮ ಲೆಕ್ಕ ಹೇಳಿ.

ಹಾಸನ_ನಲ್ಲಿಕೆಲಸ · ಸೆಪ್ಟೆಂಬರ್ 21

ಅಕ್ಕ, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ದುಡ್ಡಿನ ಲೆಕ್ಕಕ್ಕೆ ಮೊದಲು ಹಳೆಯ ಟ್ಯಾಂಕ್ ಯಾಕೆ ಹೋಯಿತು ಅಂತ ತಿಳಿದುಕೊಳ್ಳಿ. ಟ್ಯಾಂಕಿನ ಒಳಗೆ ಮೆಗ್ನೀಷಿಯಂ ಆನೋಡ್ ರಾಡ್ ಅಂತ ಒಂದು ಇರುತ್ತದೆ. ತುಕ್ಕು ಟ್ಯಾಂಕಿಗೆ ಹಿಡಿಯುವ ಬದಲು ಆ ರಾಡ್ ತಾನೇ ಕರಗುತ್ತದೆ. ಪೂರ್ತಿ ಕರಗಿದ ಮೇಲೆ ಟ್ಯಾಂಕಿಗೆ ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ನೋಡಬೇಕು. ನಾನು ಹೋದ ಮನೆಗಳಲ್ಲಿ ಅದನ್ನು ಒಮ್ಮೆಯಾದರೂ ಬದಲಾಯಿಸಿದವರು ತುಂಬಾ ಕಡಿಮೆ. ಟ್ಯಾಂಕ್ ಐದು ವರ್ಷ ಜಾಸ್ತಿ ಬಾಳಿದರೆ ಅದೂ ಲಾಭವೇ ಅಲ್ವಾ?

ನೀರು ಯಾವುದು? ಕಾವೇರಿನಾ, ಬೋರಾ? ಗಡಸು ಬೋರ್ ನೀರಾದರೆ ಪ್ಯಾನೆಲ್ ಬೇಡ. ಅದರೊಳಗಿನ ಸಣ್ಣ ತಾಮ್ರದ ಪೈಪು ಸುಣ್ಣದ ಹಾಗೆ ಬಿಳಿ ಕಟ್ಟಿಕೊಳ್ಳುತ್ತದೆ. ಗಾಜಿನ ಟ್ಯೂಬ್ ಆದರೆ ಬಿಚ್ಚಿ ತೊಳೆಯಬಹುದು, ಒಡೆದದ್ದನ್ನು ಮಾತ್ರ ಬದಲಾಯಿಸಬಹುದು.

ಮೀಟರ್_ಲೆಕ್ಕ · ಸೆಪ್ಟೆಂಬರ್ 22

ಮೇಡಂ, ನಾನು ವಿದ್ಯುತ್ ಕಂಪನಿಯೊಂದರ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಬಿಲ್ಲಿನಲ್ಲೇ ಇದೆ. ಮೂರು ವಿಷಯ ಹೇಳಿ. ತಿಂಗಳಿಗೆ ಎಷ್ಟು ಯೂನಿಟ್? ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್? ಗೃಹಜ್ಯೋತಿ ಇದೆಯಾ, ಇದ್ದರೆ ಅರ್ಹ ಯೂನಿಟ್ ಎಷ್ಟು ಅಂತ ನಮೂದಾಗಿದೆ?

ನಾಗರಬಾವಿ_ಮನೆ · ಸೆಪ್ಟೆಂಬರ್ 22

ಸರ್, ಯೂನಿಟ್ 215ರಿಂದ 240. ಲೋಡ್ 3 ಕಿಲೋವ್ಯಾಟ್. ಗೃಹಜ್ಯೋತಿಗೆ 2023ರಲ್ಲೇ ನೋಂದಾಯಿಸಿದ್ದೆವು. 2022-23ರ ಸರಾಸರಿ 158. ಆದರೆ ಈಗ 200 ದಾಟುವುದರಿಂದ ಪೂರ್ತಿ ಬಿಲ್ ಕಟ್ಟುತ್ತಿದ್ದೇವೆ. ನೀರು ಕಾವೇರಿಯದೇ. ಬೇಸಿಗೆಯಲ್ಲಿ ಮಾತ್ರ ಟ್ಯಾಂಕರ್ ತರಿಸುತ್ತೇವೆ.

ಮೀಟರ್_ಲೆಕ್ಕ · ಸೆಪ್ಟೆಂಬರ್ 22

ಹಾಗಾದರೆ ನಿಮ್ಮ ಲೆಕ್ಕ ಅಂಗಡಿಯವರು ಹೇಳಿದ್ದಕ್ಕಿಂತ ಪೂರ್ತಿ ಬೇರೆ. ನಿಧಾನವಾಗಿ ಬರೆಯುತ್ತೇನೆ, ಬೇರೆಯವರೂ ತಮ್ಮ ಬಿಲ್ ಇಟ್ಟುಕೊಂಡು ನೋಡಲಿ.

ಮೊದಲು ನೀರಿಗೆ ಎಷ್ಟು ಕರೆಂಟ್ ಬೇಕು? ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 1.16 ವ್ಯಾಟ್ ಅವರ್ ಬೇಕು. ಸಾವಿರ ವ್ಯಾಟ್ ಅವರ್ ಅಂದರೆ ಒಂದು ಯೂನಿಟ್. 20 ಲೀಟರಿನ ಒಂದು ಬಕೆಟ್ ನೀರು 23 ಡಿಗ್ರಿಯಿಂದ 42ಕ್ಕೆ ಏರಲು 0.44 ಯೂನಿಟ್. ಗೀಸರಿನಿಂದ ಸೋರಿಹೋಗುವ ಬಿಸಿ ಸೇರಿಸಿದರೆ ಅರ್ಧ ಯೂನಿಟ್ ಅನ್ನಿ. ಐದು ಜನಕ್ಕೆ ಎರಡೂವರೆ. ಪಾತ್ರೆ, ತಲೆಸ್ನಾನ, ಸ್ವಿಚ್ ಆರಿಸಲು ಮರೆತದ್ದು ಎಲ್ಲ ಸೇರಿ ದಿನಕ್ಕೆ ಮೂರು ಯೂನಿಟ್ ದಾಟುತ್ತದೆ. ತಿಂಗಳಿಗೆ 90ರಿಂದ 100. ನಿಮ್ಮ ಹಳೆಯ ಸರಾಸರಿ 158, ಈಗ 240 ಅಂದರೆ ಹೊಂದಿಕೆಯಾಗುತ್ತದೆ.

2025-26ರ ದರದಲ್ಲಿ ಮನೆಬಳಕೆಗೆ ಯೂನಿಟ್‌ಗೆ ₹5.80. ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿಯ ಸರ್‌ಚಾರ್ಜ್ 36 ಪೈಸೆ, 9% ತೆರಿಗೆ. ಒಟ್ಟು ₹6.70ರ ಆಸುಪಾಸು. ಗೀಸರಿನ ಯೂನಿಟ್ಟನ್ನು ಮಾತ್ರ ಹಿಡಿದರೆ ವರ್ಷಕ್ಕೆ ಸುಮಾರು 1,000 ಯೂನಿಟ್, ₹6,700. ಮೋಡದ ದಿನ ಕಳೆದು ಸೋಲಾರ್ ಅದರಲ್ಲಿ 80% ಉಳಿಸಿದರೂ ₹5,400. ₹32,000 ವಾಪಸ್ ಬರಲು ಸುಮಾರು ಆರು ವರ್ಷ. ಸಾಮಾನ್ಯ ಮನೆಗೆ ಇದು ಸರಿಯಾದ ಉತ್ತರ. ಮೂರು ವರ್ಷ ಅಲ್ಲ.

ಆದರೆ ನೀವು 200ರ ಗೆರೆಯ ಆ ಕಡೆ ನಿಂತಿದ್ದೀರಿ. ಗೃಹಜ್ಯೋತಿಯ ನಿಯಮ ಏನು? 2022-23ರ ಸರಾಸರಿಗೆ 10% ಸೇರಿಸಿದಷ್ಟು ಉಚಿತ. ನಿಮಗೆ 158ಕ್ಕೆ ಸುಮಾರು 174. ಅದಕ್ಕಿಂತ ಜಾಸ್ತಿಯಾಗಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಬೇಕು. 200 ದಾಟಿದರೆ ಮೊದಲ ಯೂನಿಟ್ಟಿನಿಂದ ಪೂರ್ತಿ ಕಟ್ಟಬೇಕು, ನಿಗದಿತ ಶುಲ್ಕವೂ ಸೇರಿ. ಹಾಗಾಗಿ ಗೀಸರ್ ನಿಮ್ಮಿಂದ ಕಸಿದುಕೊಳ್ಳುತ್ತಿರುವುದು ತಿಂಗಳಿಗೆ ₹650 ಅಲ್ಲ, ಇಡೀ ₹2,000. ಸೋಲಾರ್ ಹಾಕಿ 145ಕ್ಕೆ ಇಳಿದರೆ ಬಿಲ್ ಸೊನ್ನೆ. ₹32,000 ಒಂದೂವರೆ ವರ್ಷದೊಳಗೆ ವಾಪಸ್.

ಎರಡು ವರ್ಷ ಈ ಬಿಲ್ ಕಟ್ಟಿದ್ದೀರಿ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಾಗರಬಾವಿ_ಮನೆ · ಸೆಪ್ಟೆಂಬರ್ 22

ಸರ್, ಓದಿ ಸುಮ್ಮನೆ ಕೂತುಬಿಟ್ಟೆ. ಯಜಮಾನರಿಗೆ ಓದಿ ಹೇಳಿದೆ. "ಗೀಸರ್‌ಗೆ ಐದಾರು ನೂರು ಹೋಗುತ್ತೆ, ಹೋಗಲಿ ಬಿಡು" ಅಂದುಕೊಂಡೇ ಎರಡು ವರ್ಷ ಮುಂದಕ್ಕೆ ಹಾಕಿದ್ದೆವು.

ಧಾರವಾಡ_ಮಾಸ್ತರ · ಸೆಪ್ಟೆಂಬರ್ 23

ಲೆಕ್ಕ ಬಹಳ ಚೆನ್ನಾಗಿದೆ ಸರ್. ಇದರ ಇನ್ನೊಂದು ಮಗ್ಗಲನ್ನೂ ನೋಡೋಣ. ನಮ್ಮ ಮನೆಯಲ್ಲಿ ನಾವಿಬ್ಬರೇ. ಗೀಸರ್ ಸೇರಿ ತಿಂಗಳಿಗೆ 110 ಯೂನಿಟ್. ಎಲ್ಲ ಉಚಿತ. ನಾನು ₹25,000 ಕೊಟ್ಟು ಸೋಲಾರ್ ಹಾಕಿಸಿದರೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ನೂರು ವರ್ಷ ಕಳೆದರೂ ಬರುವುದಿಲ್ಲ!

ಆದರೂ ಕರೆಂಟ್ ಎಲ್ಲಿಂದಲೋ ಬರಬೇಕಲ್ಲ ರೀ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಐದು ಜನರ ಮನೆಯ ಗೀಸರಿನ 1,000 ಯೂನಿಟ್ ಅಂದರೆ ವರ್ಷಕ್ಕೆ 700 ಕಿಲೋ. ನಮ್ಮ ರಾಜ್ಯದಲ್ಲಿ ಶರಾವತಿ ಇದೆ, ಪಾವಗಡ ಇದೆ, ಸರಿ. ಆದರೆ ಗೀಸರ್ ಉರಿಯುವುದು ಬೆಳಗ್ಗೆ ಆರರಿಂದ ಎಂಟು. ಆಗ ಪಾವಗಡದ ಫಲಕಗಳ ಮೇಲೆ ಬಿಸಿಲು ಏರಿರುವುದಿಲ್ಲ. ಎಲ್ಲ ಮನೆಯಲ್ಲೂ ಒಟ್ಟಿಗೆ ಎರಡು ಕಿಲೋವ್ಯಾಟ್ ಗೀಸರ್ ಹಚ್ಚಿದ ಆ ಹೊತ್ತಿನ ಹೊರೆಯಲ್ಲಿ ದೊಡ್ಡ ಪಾಲು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ ಬೀಳುತ್ತದೆ. ಬಿಲ್ ಸೊನ್ನೆ ಬಂದ ಮಾತ್ರಕ್ಕೆ ಹೊಗೆ ಸೊನ್ನೆ ಆಗುವುದಿಲ್ಲ. ಈ ಮಾತು ಯಾರಾದರೂ ಹೇಳಲೇಬೇಕು ಅನ್ನಿಸಿತು.

ಮೀಟರ್_ಲೆಕ್ಕ · ಸೆಪ್ಟೆಂಬರ್ 23

ಮಾಸ್ತರೇ, ಒಪ್ಪಿದೆ. ಸೋಲಾರ್ ವಾಟರ್ ಹೀಟರ್ ಇದ್ದವರಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ ₹50 ರಿಯಾಯಿತಿ ಬಹಳ ವರ್ಷದಿಂದ ಇದೆ. ಆ ಕಾಲಕ್ಕೆ ಅದು ಒಳ್ಳೆಯ ಕ್ರಮವೇ. ಬಿಲ್ಲೇ ಇಲ್ಲದವರಿಗೆ ಆ ₹50ರಿಂದ ಏನೂ ಆಗುವುದಿಲ್ಲ. ಬಿಲ್ಲಿಲ್ಲದ ಮನೆಗೆ ಹೀಟರ್ ಕೊಳ್ಳುವಾಗಲೇ ಸಹಾಯ ಸಿಗಬೇಕು. ಸರ್ಕಾರವೇ ಆ ಕರೆಂಟಿನ ಹಣ ಕೊಡುತ್ತಿದೆ. 1,000 ಯೂನಿಟ್ ಉಳಿದರೆ ಉಳಿತಾಯ ಸರ್ಕಾರಕ್ಕೇ ತಾನೇ?

ತೋಟದಮನೆ_ತೀರ್ಥಹಳ್ಳಿ · ಸೆಪ್ಟೆಂಬರ್ 24

ನಮ್ಮ ಕಡೆಯ ಕಥೆ ಬೇರೆ ಮಾರಾಯ್ರೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಒಣ ಸೋಗೆ, ಅಡಿಕೆ ಸಿಪ್ಪೆ, ತೆಂಗಿನ ಗರಿ, ಬಿದ್ದ ರೆಂಬೆ. ಕರೆಂಟ್ ಹೋದರೂ ಬಿಸಿನೀರು ಉಂಟು. ಇಂಗಾಲದ ಲೆಕ್ಕ ಹಾಕಿದರೆ ಇದೂ ಕಡಿಮೆಯೇ, ಯಾಕೆಂದರೆ ಉರಿಸುವುದು ತೋಟದ್ದೇ ಕಸ, ಮರ ಕಡಿದದ್ದಲ್ಲ.

ಪುಕ್ಕಟೆ ಅಂತ ಮಾತ್ರ ಹೇಳಬೇಡಿ. ಅಮ್ಮ ನಲವತ್ತು ವರ್ಷ ಆ ಹೊಗೆ ಕುಡಿದಳು. ಈಗ ಮೆಟ್ಟಿಲು ಹತ್ತಿದರೆ ಏದುಸಿರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗದವರು ಹೊಗೆ ಕೊಳವೆಯ ಒಲೆ ರೂಪಿಸಿದ್ದರು. ಅಡುಗೆಗೂ ಸ್ನಾನದ ನೀರಿಗೂ. ಪಕ್ಕದೂರಿನಲ್ಲಿ ಅದನ್ನು ಹಾಕಿಸಿದ ಮನೆಗೆ ಚಿಕ್ಕವನಿದ್ದಾಗ ಹೋಗಿದ್ದೆ. ಹೊಗೆ ನೇರ ಹೊರಗೆ, ಸೌದೆಯೂ ಕಡಿಮೆ. ನಮ್ಮ ಮನೆಗೆ ಆಗಲೇ ಬರಬೇಕಿತ್ತು, ಬರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಲೆ ಬದಲಾಯಿಸಿದೆ. ಮುಚ್ಚಿದ ಒಲೆ, ಎತ್ತರದ ಕೊಳವೆ. ಗಾರೆಯವನ ಕೂಲಿ ಸೇರಿ ₹14,000. ಅದರ ಜೊತೆ ಮಾಡಿನ ಮೇಲೆ 100 ಲೀಟರ್ ಸೋಲಾರ್. ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್, ಮಳೆಗಾಲಕ್ಕೆ ಒಲೆ. ಸೌದೆಗೆ ಹೋಗುತ್ತಿದ್ದ ಸಿಪ್ಪೆ ಎಂಟು ತಿಂಗಳು ತೋಟದ ಬುಡಕ್ಕೆ ಹೋಗುತ್ತದೆ. ಇದಕ್ಕೆ ರೂಪಾಯಿ ಲೆಕ್ಕ ನಾನು ಹಾಕಿಲ್ಲ. ಅಮ್ಮ ಈಗ ಬಚ್ಚಲ ಒಲೆ ಮುಂದೆ ಕೂರುವುದಿಲ್ಲ. ನನಗೆ ಅಷ್ಟು ಸಾಕು.

ಹೊಸಮನೆ_ತುಮಕೂರು · ಸೆಪ್ಟೆಂಬರ್ 24

ಗ್ಯಾಸ್ ಗೀಸರ್ ಬಗ್ಗೆ ಯಾರೂ ಹೇಳಲಿಲ್ಲ. ₹6,000ಕ್ಕೆ ಬರುತ್ತದೆ. ಸಿಲಿಂಡರ್ ₹855 ಅಂದರೂ ಕರೆಂಟಿಗಿಂತ ಅಗ್ಗ ಅಲ್ವಾ?

ಮೀಟರ್_ಲೆಕ್ಕ · ಸೆಪ್ಟೆಂಬರ್ 24

14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ. ಗೀಸರಿನಲ್ಲಿ ಕಳೆದುಹೋಗುವುದನ್ನು ಬಿಟ್ಟರೆ ನೀರಿಗೆ ಸಿಗುವುದು 150. ಯೂನಿಟ್‌ಗೆ ₹5.70. ಸ್ವಲ್ಪ ಅಗ್ಗ, ಅಷ್ಟೇ.

ಆದರೆ ಮುಚ್ಚಿದ ಬಚ್ಚಲಲ್ಲಿ ಮಾತ್ರ ದಯವಿಟ್ಟು ಹಾಕಿಸಬೇಡಿ. ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನಮ್ಮ ರಾಜ್ಯದಲ್ಲೇ ಹೀಗೆ ಜೀವ ಹೋಗಿವೆ. ಹಾಕಲೇಬೇಕೆಂದರೆ ಯಂತ್ರ, ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಬಯಲಲ್ಲಿ ಇರಲಿ.

ಹೊಸಮನೆ_ತುಮಕೂರು · ಸೆಪ್ಟೆಂಬರ್ 24

ಬೇಡ ಸರ್. ಮನೆಯಲ್ಲಿ ಚಿಕ್ಕ ಮಗು ಇದೆ. ಆ ಯೋಚನೆ ಬಿಟ್ಟೆ.

ಪಿಜಿ_ಬಿಟಿಎಂ · ಸೆಪ್ಟೆಂಬರ್ 26

ಹೀಟ್ ಪಂಪ್ ಬಳಸುವವನು ನಾನು. ನಮ್ಮ ಪಿಜಿಯಲ್ಲಿ 60 ಜನ. ತಾರಸಿಯಲ್ಲಿ ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ ಬಿಟ್ಟರೆ ಜಾಗವೇ ಇಲ್ಲ. ಅಷ್ಟು ಜನಕ್ಕೆ ಸೋಲಾರ್ ಕೂರಿಸಲು ಆಗಲೇ ಇಲ್ಲ.

ಹೀಟ್ ಪಂಪ್ ಅಂದರೆ ಫ್ರಿಡ್ಜ್ ತಿರುಗಿಸಿಟ್ಟ ಹಾಗೆ. ಹೊರಗಿನ ಗಾಳಿಯ ಶಾಖ ಹೀರಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಶಾಖ. ಬೆಂಗಳೂರಿನ ಹವೆಗೆ ಇದು ಚೆನ್ನಾಗಿ ಹೊಂದುತ್ತದೆ, ಚಳಿಗಾಲದ ರಾತ್ರಿಯೂ ಇಲ್ಲಿ ಗಾಳಿ ಅಷ್ಟು ತಣ್ಣಗಾಗುವುದಿಲ್ಲ. ನಮಗೆ ದಿನಕ್ಕೆ ಸುಮಾರು 49 ಯೂನಿಟ್ ಬೇಕಿದ್ದದ್ದು 15ಕ್ಕೆ ಇಳಿಯಿತು. ಕಮರ್ಷಿಯಲ್ ಮೀಟರ್, ಎಲ್ಲ ಸೇರಿ ಯೂನಿಟ್‌ಗೆ ₹8. ವರ್ಷಕ್ಕೆ ₹99,000 ಉಳಿತಾಯ. ಟ್ಯಾಂಕ್, ಪೈಪ್ ಎಲ್ಲ ಸೇರಿ ಹಾಕಿದ್ದು ₹3,80,000. ನಾಲ್ಕು ವರ್ಷ. ಮೂರನೇ ವರ್ಷ ನಡೆಯುತ್ತಿದೆ.

ಐದು ಜನರ ಮನೆಗೆ ₹1,15,000 ಹಾಕಬೇಡಿ ಅಕ್ಕ. ವರ್ಷಕ್ಕೆ ₹4,500 ಉಳಿದರೆ ಇಪ್ಪತ್ತೈದು ವರ್ಷ ಬೇಕು, ಯಂತ್ರ ಅಷ್ಟು ಬಾಳುವುದಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಬಿಸಿನೀರು ಹರಿಯುವ ಹಾಸ್ಟೆಲ್, ಲಾಡ್ಜ್, ನರ್ಸಿಂಗ್ ಹೋಮ್‌ಗೆ ಇದು ಸರಿ.

ಲೀಡ್ಸ್_ಕನ್ನಡಿಗ · ಸೆಪ್ಟೆಂಬರ್ 27

ಇಂಗ್ಲೆಂಡಿನಲ್ಲಿ ಇದೇ ಹೀಟ್ ಪಂಪ್ ಬಗ್ಗೆ ಮನೆಮನೆಯಲ್ಲೂ ಮಾತು. ಆದರೆ ಇಲ್ಲಿ ಸ್ನಾನದ ನೀರು ಸಣ್ಣ ಭಾಗ. ಇಡೀ ಮನೆ ಬೆಚ್ಚಗಿಡಬೇಕು. ನಮ್ಮದು ಮೂರು ಬೆಡ್‌ರೂಮಿನ ಹಳೆಯ ಮನೆ, ಗ್ಯಾಸ್ ಬಾಯ್ಲರ್. ಹೀಟ್ ಪಂಪಿಗೆ ಕೊಟೇಶನ್ £13,500. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ £7,500 ಅನುದಾನ ಕೊಡುತ್ತದೆ. 2023ರ ಅಕ್ಟೋಬರ್‌ಗೆ ಮುಂಚೆ ಅದು £5,000 ಇತ್ತು. ನಾವು ಕೊಡಬೇಕಾದದ್ದು £6,000. ಹೊಸ ಗ್ಯಾಸ್ ಬಾಯ್ಲರಿಗೂ ಹೇಗಿದ್ದರೂ £3,000 ಬೇಕಿತ್ತು. ಹಾಗಾಗಿ ನಿಜವಾದ ಹೆಚ್ಚುವರಿ £3,000.

ತೊಡಕು ಇರುವುದು ದರದಲ್ಲಿ. ಇಲ್ಲಿ ಕರೆಂಟ್ ಯೂನಿಟ್‌ಗೆ 26 ಪೆನ್ಸ್, ಗ್ಯಾಸ್ 6 ಪೆನ್ಸ್ ಚಿಲ್ಲರೆ. ನಾಲ್ಕು ಪಟ್ಟು. ಹೀಟ್ ಪಂಪ್ ಮೂರು ಪಟ್ಟು ಶಾಖ ಕೊಟ್ಟರೂ ಗ್ಯಾಸಿಗೆ ಸರಿಸಮ ಆಗುವುದೇ ಕಷ್ಟ. ನಾನು ಹಾಕಿದ ಲೆಕ್ಕ: ವರ್ಷಕ್ಕೆ 11,500 ಯೂನಿಟ್ ಗ್ಯಾಸ್, ಮೀಟರ್ ಬಾಡಿಗೆ ಸೇರಿ ಸುಮಾರು £845. ಬಾಯ್ಲರಿನಲ್ಲಿ ಕಳೆದುಹೋಗುವುದನ್ನು ಬಿಟ್ಟು ಉಳಿದ ಶಾಖಕ್ಕೆ ಹೀಟ್ ಪಂಪ್ 2.8 ಪಟ್ಟು ಕೊಟ್ಟರೆ £930, ಅಂದರೆ ನಷ್ಟ. 3.2 ಕೊಟ್ಟರೆ £820. ರಾತ್ರಿ, ಮಧ್ಯಾಹ್ನ ಕಡಿಮೆ ದರ ಇರುವ ಹೀಟ್ ಪಂಪ್ ಪ್ಲಾನ್ ಹಿಡಿದರೆ £600ರ ಹತ್ತಿರ. ಆಗ £3,000 ವಾಪಸ್ ಬರಲು ಹನ್ನೆರಡು ವರ್ಷ.

ನಾವು ಹಾಕಿಸಿದೆವು. ರೇಡಿಯೇಟರ್ ನಾಲ್ಕು ದೊಡ್ಡದು ಮಾಡಬೇಕಾಯಿತು, ಯಾಕೆಂದರೆ ಒಳಗೆ ಹರಿಯುವ ನೀರು 70 ಡಿಗ್ರಿ ಅಲ್ಲ, 45. ಆ ನೀರು ತಣ್ಣಗಿದ್ದಷ್ಟೂ ಯಂತ್ರ ಹಗುರವಾಗಿ ಓಡುತ್ತದೆ. ಮೊದಲು ಅಟ್ಟಕ್ಕೆ ದಪ್ಪ ಹೊದಿಕೆ ಹಾಕಿಸಿ, ಬಾಗಿಲ ಸಂದು ಮುಚ್ಚಿಸಿದೆವು. ಆ ಕೆಲಸ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ ವಾಪಸ್ ಬಂತು.

ನಿಮ್ಮಲ್ಲಿ 200ರ ಗೆರೆ, ನಮ್ಮಲ್ಲಿ ನಾಲ್ಕು ಪಟ್ಟು ದರ. ಎರಡನ್ನೂ ಅಂಗಡಿಯವರು ಹೇಳುವುದಿಲ್ಲ.

ಬಾಡಿಗೆಮನೆ · ಸೆಪ್ಟೆಂಬರ್ 28

ನಾನು ಬಾಡಿಗೆದಾರ. ನಮ್ಮ ಓನರ್ ಮನೆಗೆ ಸೋಲಾರ್ ಇದೆ, ನಮ್ಮ ಮಹಡಿಗೆ ಲೈನ್ ಎಳೆದಿಲ್ಲ. ಕೇಳಿದರೆ "ನಿಮಗೆ ಫ್ರೀ ಕರೆಂಟ್ ಇದೆಯಲ್ಲ" ಅಂದರು. ಹೋದ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಊರಿಂದ ಬಂದು ಒಂದು ತಿಂಗಳು ಇದ್ದರು. 206 ಯೂನಿಟ್ ಆಯಿತು. ಆರು ಯೂನಿಟ್‌ಗೆ ₹1,700 ಕಟ್ಟಿದೆ. ಬಾಡಿಗೆ ಮನೆಯಲ್ಲಿ ನನ್ನ ದುಡ್ಡಲ್ಲಿ ಸೋಲಾರ್ ಹಾಕಿಸಿ ಬಿಟ್ಟು ಹೋಗಲು ಆಗುತ್ತಾ? ಓನರ್‌ಗೆ ಹಾಕಿಸಿ ಏನು ಲಾಭ? ಈ ಲೆಕ್ಕ ಮಾಡುವಾಗ ನಮ್ಮಂಥವರನ್ನೂ ನೆನಪಿಟ್ಟುಕೊಳ್ಳಿ.

ತಾರಸಿ_ಜಯನಗರ · ಸೆಪ್ಟೆಂಬರ್ 29

ನನ್ನ ಅಭಿಪ್ರಾಯ ಬೇರೆ. ಈಗ ಬಿಸಿನೀರಿಗೆ ಅಂತ ತಾರಸಿ ತುಂಬಿಸುವುದು ಬೇಡ. ಕರೆಂಟ್ ಮಾಡುವ ಸೋಲಾರ್ ಪ್ಯಾನೆಲ್ ಹಾಕಿಸಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ₹78,000 ಸಹಾಯಧನ ಇದೆ. ಸೋರುವ ಟ್ಯಾಂಕ್ ಇಲ್ಲ, ಬಿಳಿ ಕಟ್ಟುವುದಿಲ್ಲ. ಉಳಿದ ಕರೆಂಟ್ ಗ್ರಿಡ್‌ಗೆ ಹೋಗುತ್ತದೆ.

ಮೀಟರ್_ಲೆಕ್ಕ · ಸೆಪ್ಟೆಂಬರ್ 29

ದೊಡ್ಡ ತಾರಸಿ, 300 ಯೂನಿಟ್‌ಗಿಂತ ಜಾಸ್ತಿ ಬಳಕೆ ಇದ್ದರೆ ನೀವು ಹೇಳಿದ್ದು ಸರಿ. ಜಾಗ ಕಡಿಮೆ ಇದ್ದರೆ ಹೀಗೆ ನೋಡಿ. ನಾಲ್ಕು ಚದರ ಮೀಟರ್ ಜಾಗದಲ್ಲಿ ನೀರಿನ ಸೋಲಾರ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ಏಳೆಂಟು ಯೂನಿಟ್‌ನಷ್ಟು ಶಾಖ ಹಿಡಿಯುತ್ತದೆ. ಅದೇ ಜಾಗದ ಕರೆಂಟ್ ಪ್ಯಾನೆಲ್ ಕೊಡುವುದು ಮೂರು ಯೂನಿಟ್. ಆ ಮೂರನ್ನು ಹೀಟ್ ಪಂಪಿಗೆ ಕೊಟ್ಟರೆ ಮತ್ತೆ ಒಂಬತ್ತು ಯೂನಿಟ್ ಶಾಖ. ಗೀಸರಿಗೆ ಕೊಟ್ಟರೆ ಮೂರೇ. ಮೇಡಂ ಮನೆಗೆ ಬೇಕಿರುವುದು ಬಿಸಿನೀರು ಮಾತ್ರ. ₹32,000ದಲ್ಲಿ ಮುಗಿಯುವ ಕೆಲಸ.

ಒಂದು ಎಚ್ಚರಿಕೆ ಮೇಡಂ. ಗೃಹಜ್ಯೋತಿ ಹೀಗೇ ಇರುತ್ತದೆ ಅಂತ ನಂಬಿ ಮಾತ್ರ ಹಾಕಿಸಬೇಡಿ. ಯೋಜನೆ ಬದಲಾದರೂ ಆರು ವರ್ಷದ ಲೆಕ್ಕ ಹಾಗೇ ಉಳಿಯುತ್ತದೆ. ಅದಕ್ಕೇ ನಾನು ಧೈರ್ಯವಾಗಿ ಹೇಳುತ್ತಿರುವುದು.

ಹಾಸನ_ನಲ್ಲಿಕೆಲಸ · ಸೆಪ್ಟೆಂಬರ್ 29

ಹಾಕಿಸುವಾಗ ಇದನ್ನೆಲ್ಲ ಕೇಳಿ ಮಾಡಿಸಿ ಅಕ್ಕ. ತಣ್ಣೀರಿನ ಓವರ್‌ಹೆಡ್ ಟ್ಯಾಂಕ್ ಸೋಲಾರ್ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಗಾಳಿ ಹೋಗುವ ಪೈಪ್ ಅದಕ್ಕಿಂತ ಎತ್ತರ. ದಕ್ಷಿಣಕ್ಕೆ ಮುಖ. ಪಕ್ಕದ ಸೈಟ್ ಖಾಲಿ ಇದ್ದರೆ, ನಾಳೆ ಅಲ್ಲಿ ಮೂರು ಮಹಡಿ ಎದ್ದರೆ ನೆರಳು ಎಲ್ಲಿ ಬೀಳುತ್ತದೆ ನೋಡಿ.

ಬಿಸಿನೀರಿನ ಪೈಪ್ ಮುಕ್ಕಾಲು ಇಂಚು ಸಾಕು. ಸುತ್ತ ಕಪ್ಪು ಹೊದಿಕೆ ಸುತ್ತಿಸಿ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 15 ಮೀಟರ್ ಪೈಪ್ ಅಂದರೆ ಒಳಗೆ ನಾಲ್ಕು ಲೀಟರ್ ತಣ್ಣೀರು ನಿಂತಿರುತ್ತದೆ. ನಲ್ಲಿ ತಿರುಗಿಸಿದಾಗ ಮೊದಲು ಅದೇ ಬರುತ್ತದೆ. ಒಬ್ಬರಾದ ಮೇಲೆ ಒಬ್ಬರು ಬೇಗ ಸ್ನಾನ ಮುಗಿಸಿದರೆ ಆ ನೀರು ಒಂದೇ ಸಲ ಹೋಗುತ್ತದೆ.

ಬಹಳ ಮುಖ್ಯವಾದದ್ದು: ಟ್ಯಾಂಕಿನ ಒಳಗಿನ ಕರೆಂಟ್ ಕಾಯಿಲ್. ಅದರ ಸ್ವಿಚ್ ಆನ್‌ನಲ್ಲೇ ಬಿಟ್ಟ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ರಾತ್ರಿಯೆಲ್ಲ 200 ಲೀಟರ್ ಕಾಯುತ್ತದೆ, ಬೆಳಗ್ಗೆ ಬಿಸಿಲು ಬಂದಾಗ ಸೂರ್ಯನಿಗೆ ಮಾಡಲು ಕೆಲಸವೇ ಇರುವುದಿಲ್ಲ.

ನಾಗರಬಾವಿ_ಮನೆ · ಫೆಬ್ರವರಿ 8, 2026

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಕ್ಟೋಬರ್ ಮೊದಲ ವಾರ 200 ಲೀಟರಿನ ಟ್ಯೂಬ್ ಸೋಲಾರ್ ಹಾಕಿಸಿದೆವು. ಹೊದಿಕೆ, ಹೊಸ ಪೈಪ್, ಕೂಲಿ ಸೇರಿ ₹38,400. ಕೊಟೇಶನ್‌ಗಿಂತ ₹6,400 ಜಾಸ್ತಿಯಾಯಿತು, ಹಳೆಯ ಪೈಪ್ ಪೂರ್ತಿ ತೆಗೆಸಬೇಕಾಯಿತು.

ಯೂನಿಟ್ ಹೀಗಿದೆ. ಅಕ್ಟೋಬರ್ 148. ನವೆಂಬರ್ 171, ಮೋಡ ಮುಸುಕಿದ್ದರಿಂದ ಎಂಟು ದಿನ ಕಾಯಿಲ್ ಹಾಕಿದೆವು. ಡಿಸೆಂಬರ್ 152. ಜನವರಿ 139. ನಾಲ್ಕೂ ತಿಂಗಳು ಬಿಲ್ ಸೊನ್ನೆ. ಕಾಯಿಲ್ ಸ್ವಿಚ್ ತಾರಸಿಯಿಂದ ತೆಗೆಸಿ ಅಡುಗೆಮನೆ ಬಾಗಿಲ ಹತ್ತಿರ ಹಾಕಿಸಿದೆ, ಕೆಂಪು ದೀಪದ್ದು. ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುತ್ತದೆ.

ಅತ್ತೆಗೆ 76. ಬೆಳಗ್ಗೆ ಐದಕ್ಕೇ ಸ್ನಾನ. ಆ ಹೊತ್ತಿಗೆ ಬಿಸಿ ಇರುತ್ತದೋ ಇಲ್ಲವೋ ಅಂತ ನನಗೆ ಭಯ ಇತ್ತು. ಜನವರಿಯ ಚಳಿಯಲ್ಲೂ ಹಿಂದಿನ ದಿನದ ನೀರಿಗೆ ತಣ್ಣೀರು ಬೆರೆಸಿಕೊಂಡೇ ಸ್ನಾನ ಮಾಡಿದರು. ಮಕ್ಕಳ ಸ್ನಾನ ಸಂಜೆಗೆ ಬದಲಾಯಿಸಿದೆ, ಆಗ ನೀರು ತುಂಬಾ ಬಿಸಿ.

ಬಾಡಿಗೆಮನೆ ಅವರೇ, ನಿಮ್ಮ ಮಾತು ಓದಿದ ಮೇಲೆ ಮೇಲಿನ ಮನೆಗೂ ಒಂದು ಲೈನ್ ಎಳೆಸಿದೆವು. ಅವರು ಗಂಡ ಹೆಂಡತಿ ಇಬ್ಬರೇ, 200 ಲೀಟರ್ ಎರಡೂ ಮನೆಗೆ ಸಾಕಾಗುತ್ತಿದೆ. ಪೈಪಿಗೆ ₹2,600 ಬೇರೆ ಆಯಿತು. ಬಾಡಿಗೆ ಏರಿಸಿಲ್ಲ.

ಬಾಡಿಗೆಮನೆ · ಫೆಬ್ರವರಿ 8

ಅಕ್ಕ, ತುಂಬಾ ಸಂತೋಷವಾಯಿತು. ನಿಮ್ಮ ಈ ಲೆಕ್ಕ ನಮ್ಮ ಓನರ್‌ಗೆ ಕಳಿಸುತ್ತೇನೆ.

ಹಾಸನ_ನಲ್ಲಿಕೆಲಸ · ಫೆಬ್ರವರಿ 9

ಒಳ್ಳೆಯದಾಯಿತು ಅಕ್ಕ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸುತ್ತೇವೆ ಅಂದಿದ್ದಿರಿ. ಮೇ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದು ಒಂದು ಸಲ ಪೂರ್ತಿ ಖಾಲಿ ಮಾಡಿ. ಬೆಳಗ್ಗೆ ಬಿಸಿಲು ಏರುವ ಮೊದಲೇ ಮಾಡಿ, ಬಿಸಿಯಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ಆನೋಡ್ ರಾಡ್ ನೋಡುವ ದಿನವನ್ನು ಈಗಲೇ ಟ್ಯಾಂಕಿನ ಮೇಲೆ ಪೇಂಟಿನಲ್ಲಿ ಬರೆದಿಡಿ: ಅಕ್ಟೋಬರ್ 2027.